ಕಾಲಿನ್ ಹೆಂಡ್ರಿ: ಎಂಟು ಕ್ಲಬ್ಬುಗಳ ಡಿಫೆಂಡರ್

ಶ್ರೋತೃಗಳಿಗೆ ನಮಸ್ಕಾರ.

1996ರ ಜೂನ್ 15ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಯೂರೋ ಕಪ್‌ನ ಇಂಗ್ಲೆಂಡ್–ಸ್ಕಾಟ್ಲೆಂಡ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಒಂದು ಗೋಲಿನಿಂದ ಹಿಂದಿದ್ದ ಸ್ಕಾಟ್ಲೆಂಡಿಗೆ ಸಿಕ್ಕ ಪೆನಾಲ್ಟಿಯನ್ನು ಇಂಗ್ಲೆಂಡಿನ ಗೋಲ್‌ಕೀಪರ್ ಡೇವಿಡ್ ಸೀಮನ್ ತಡೆದರು. ಆ ಆಘಾತದಿಂದ ಸ್ಕಾಟರು ಚೇತರಿಸಿಕೊಳ್ಳುವ ಮೊದಲೇ ಪಾಲ್ ಗ್ಯಾಸ್ಕಾಯ್ನ್ ತಮ್ಮತ್ತ ಬಂದ ಚೆಂಡನ್ನು ಎಡಗಾಲಿನಿಂದ ಎದುರಾಳಿ ಡಿಫೆಂಡರನ ತಲೆಯ ಮೇಲಿಂದ ದಾಟಿಸಿ, ಅದು ಕೆಳಗಿಳಿಯುತ್ತಿದ್ದಂತೆ ಬಲಗಾಲಿನಿಂದ ಗೋಲಿಗೆ ಬಾರಿಸಿದರು. ತಿರುಗಿಕೊಳ್ಳಲು ಹೋಗಿ ಮುಗ್ಗರಿಸಿದ ಆ ಹೊಂಬಣ್ಣದ ಕೂದಲಿನ ಡಿಫೆಂಡರ್ ಕಾಲಿನ್ ಹೆಂಡ್ರಿ. ಇಂದಿಗೂ ದೂರದರ್ಶನ ವಾಹಿನಿಗಳು ಅವರನ್ನು ತೋರಿಸುವುದು ಹೆಚ್ಚಾಗಿ ಈ ಒಂದು ದೃಶ್ಯದಲ್ಲೇ. ಇದು ಅನ್ಯಾಯವೆಂದು ನನಗೆ ತೋರುತ್ತದೆ.

ಸ್ಕಾಟ್ಲೆಂಡಿನ ಈಶಾನ್ಯ ಭಾಗದಲ್ಲಿ ವಿಸ್ಕಿ ತಯಾರಿಕೆಗೆ ಹೆಸರಾದ ಕೀತ್ ಎಂಬ ಸಣ್ಣ ಊರಿನಲ್ಲಿ 1965ರಲ್ಲಿ ಹುಟ್ಟಿದ ಹೆಂಡ್ರಿ, ಡಂಡೀ ಕ್ಲಬ್ಬಿನಲ್ಲಿ ವೃತ್ತಿ ಆರಂಭಿಸಿದಾಗ ಡಿಫೆಂಡರ್ ಆಗಿರಲಿಲ್ಲ. ಗೋಲು ಹೊಡೆಯುವುದೇ ಕೆಲಸವಾದ ಫಾರ್ವರ್ಡ್ ಆಗಿದ್ದರು. 1987ರಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿದ್ದ ಬ್ಲ್ಯಾಕ್‌ಬರ್ನ್ ರೋವರ್ಸ್ ಅವರನ್ನು 30,000 ಪೌಂಡಿಗೆ ಕೊಂಡುಕೊಂಡಿತು. ಕೆಲವೇ ವಾರಗಳಲ್ಲಿ, ವೆಂಬ್ಲಿಯಲ್ಲೇ ನಡೆದ ಫುಲ್ ಮೆಂಬರ್ಸ್ ಕಪ್ ಫೈನಲ್‌ನಲ್ಲಿ ಚಾರ್ಲ್‌ಟನ್ ವಿರುದ್ಧ ಪಂದ್ಯದ ಏಕೈಕ ಗೋಲನ್ನು ಹೊಡೆದವರು ಅವರೇ. ಅವರು ನೆಲೆಯಾಗಿ ಹಿಂಬದಿಗೆ ಬಂದದ್ದು ಬ್ಲ್ಯಾಕ್‌ಬರ್ನ್‌ನಲ್ಲಿಯೇ.

1989ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಹೋದ ಹೆಂಡ್ರಿ ಎರಡು ವರ್ಷ ಕಳೆದು ಬ್ಲ್ಯಾಕ್‌ಬರ್ನಿಗೇ ಮರಳಿದರು. ಆ ಹೊತ್ತಿಗೆ ಕ್ಲಬ್ಬಿನ ಮಾಲೀಕರಾದ ಉದ್ಯಮಿ ಜ್ಯಾಕ್ ವಾಕರ್ ಅವರ ಹಣ ಮತ್ತು ಕೆನ್ನಿ ಡಾಲ್‌ಗ್ಲಿಷ್ ಅವರ ತರಬೇತಿ ಸೇರಿ ಆ ಕ್ಲಬ್ಬಿನ ಸ್ವರೂಪವೇ ಬದಲಾಗತೊಡಗಿತ್ತು. 1994–95ರಲ್ಲಿ ಅದು ಪ್ರೀಮಿಯರ್ ಲೀಗ್ ಗೆದ್ದಾಗ ಎಲ್ಲರೂ ಕೊಂಡಾಡಿದ್ದು ಅಲನ್ ಷಿಯರರ್ ಅವರ 34 ಗೋಲುಗಳನ್ನು. ಅದು ಸಹಜ, ಆಗದಂತೆ ತಡೆದ ಗೋಲುಗಳಿಗೆ ಯಾರೂ ಲೆಕ್ಕ ಇಡುವುದಿಲ್ಲ. ಆದರೂ ಒಂದು ಲೆಕ್ಕ ನಮ್ಮ ಮುಂದಿದೆ: 1998ರ ವಿಶ್ವಕಪ್‌ನ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಸ್ಕಾಟ್ಲೆಂಡ್ ಬಿಟ್ಟುಕೊಟ್ಟದ್ದು ಮೂರೇ ಗೋಲು. ಆ ರಕ್ಷಣೆಯ ನಡುಗಂಬ ಹೆಂಡ್ರಿ. ನಾಯಕ ಗ್ಯಾರಿ ಮೆಕಾಲಿಸ್ಟರ್ ಗಾಯಗೊಂಡದ್ದರಿಂದ, ಪ್ಯಾರಿಸ್ ಬಳಿ ಬ್ರೆಜಿಲ್ ಎದುರಿನ ಉದ್ಘಾಟನಾ ಪಂದ್ಯಕ್ಕೆ ತಂಡವನ್ನು ಮುನ್ನಡೆಸಿ ಮೈದಾನಕ್ಕಿಳಿದವರೂ ಅವರೇ. ಸ್ಕಾಟ್ಲೆಂಡ್ 2–1ರಿಂದ ಸೋತಿತು. ಸೋಲಿಗೆ ಕಾರಣವಾದ ಎರಡನೇ ಗೋಲು ತಮ್ಮವರದೇ ಮೈಗೆ ತಾಗಿ ಒಳಹೋದದ್ದು.

ಅದೇ ವರ್ಷ ಗ್ಲಾಸ್ಗೋದ ರೇಂಜರ್ಸ್ 40 ಲಕ್ಷ ಪೌಂಡ್ ಕೊಟ್ಟು ಅವರನ್ನು ಕರೆಸಿಕೊಂಡಿತು. ಆಗ ಅವರಿಗೆ ಮೂವತ್ತೆರಡು ವರ್ಷ. ಅಲ್ಲಿ ಹೆಚ್ಚು ಕಾಲ ನೆಲೆ ಸಿಗಲಿಲ್ಲ. ಮುಂದೆ ಕವೆಂಟ್ರಿ, ಬೋಲ್ಟನ್, ಪ್ರೆಸ್ಟನ್, ಬ್ಲ್ಯಾಕ್‌ಪೂಲ್ ಎಂದು ಊರಿಂದೂರಿಗೆ ಗಂಟುಮೂಟೆ ಕಟ್ಟುತ್ತಲೇ 2003ರವರೆಗೆ ಆಡಿದರು.

ರಾಷ್ಟ್ರೀಯ ತಂಡದಲ್ಲಿ ಮಾತ್ರ ಅವರ ಆಟ 2001ರ ಮಾರ್ಚ್‌ನಲ್ಲೇ ಮುಗಿದಿತ್ತು. ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಸ್ಯಾನ್ ಮರಿನೋ ವಿರುದ್ಧ 4–0ರಿಂದ ಗೆದ್ದ ಪಂದ್ಯದಲ್ಲಿ ಎದುರಾಳಿಯೊಬ್ಬರಿಗೆ ಮೊಣಕೈಯಿಂದ ಹೊಡೆದದ್ದು ರೆಫರಿಯ ಕಣ್ಣು ತಪ್ಪಿದರೂ ಕ್ಯಾಮೆರಾದ ಕಣ್ಣು ತಪ್ಪಲಿಲ್ಲ. ಆರು ಪಂದ್ಯಗಳ ನಿಷೇಧ ಬಿತ್ತು. ಹೊಡೆದದ್ದು ತಪ್ಪೇ, ಅದರಲ್ಲಿ ವಾದವಿಲ್ಲ. ದೇಶಕ್ಕಾಗಿ ಅವರು ಆಡಿದ್ದು 51 ಪಂದ್ಯ, ಹೊಡೆದದ್ದು ಮೂರು ಗೋಲು. ಆ ಮೂರರಲ್ಲಿ ಎರಡು ಬಂದದ್ದು ಆ ಕೊನೆಯ ಪಂದ್ಯದಲ್ಲೇ.