ಮೊದಲು ಏನು ಕೇಳಿಸಿತು?

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲೇ ಒಂದು ಸದ್ದು ಹಾಕಿದೆ, ಕೇಳಿದಿರಲ್ಲ? ಒಂಬತ್ತು ಸೆಕೆಂಡ್ ಅಷ್ಟೇ. ತಾಳಿ, ಇನ್ನೊಮ್ಮೆ ಹಾಕುತ್ತೇನೆ.

ಮುಂದಿನ ಸಾಲಿನಲ್ಲಿ ಒಬ್ಬರು ದಪ್ಪ ಬಟ್ಟೆ ಹರಿದ ಹಾಗಿದೆ ಅಂದರು, ಇನ್ನೊಬ್ಬರು ಗರಗಸ ಅಂದರು. ಅದು ಜಿಪ್. ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡಲು ಹೋಗುವ ದೋಣಿಗೆ ಲೈಫ್‌ಬೋಟ್ ಅನ್ನುತ್ತಾರೆ, ಅದರಲ್ಲಿ ಚಿಕ್ಕದನ್ನು ಹತ್ತುವವರು ತೊಡುವ ಡ್ರೈಸೂಟ್‌ನ ಜಿಪ್. ಒಂದು ಹನಿ ನೀರೂ ಒಳಗೆ ಹೋಗಬಾರದು, ಅದಕ್ಕೇ ಅದರ ಹಲ್ಲುಗಳು ಅಷ್ಟು ಬಿಗಿ, ಎಳೆಯುವುದಕ್ಕೆ ಬಲ ಬೇಕು. ನಡುವೆ ಒಂದು ಕಡೆ ಸದ್ದು ನಿಂತು ಮತ್ತೆ ಮುಂದೆ ಹೋಯಿತು, ಗಮನಿಸಿದಿರಾ? ಅಲ್ಲಿ ತೊಟ್ಟವರ ಕೈ ಎಟುಕಲಿಲ್ಲ. ಪಕ್ಕದವರು ಬಂದು ಉಳಿದದ್ದನ್ನು ಎಳೆದರು. ಆ ನಿಲುಗಡೆಯಲ್ಲಿ ಒಂದು ಉಸಿರು ಕೇಳಿಸುತ್ತದೆ, ಅದು ಹಗಲು ಹೊತ್ತು ಶಾಲೆಯಲ್ಲಿ ಪಾಠ ಮಾಡುವ ಒಬ್ಬ ಮಹಿಳೆಯದು. ಆಗ ರಾತ್ರಿ, ಹೊರಗೆ ಕತ್ತಲು. ಇನ್ನು ಕೆಲವೇ ನಿಮಿಷದಲ್ಲಿ ಅವರು ನೀರಿನ ಮೇಲೆ ಇರುತ್ತಾರೆ.

ಆವತ್ತು ನಡೆದದ್ದು ಅಭ್ಯಾಸ, ನಿಜವಾದ ಕರೆ ಅಲ್ಲ. ಯಾಕೆ ಅಭ್ಯಾಸದ ದಿನವೇ ರೆಕಾರ್ಡ್ ಮಾಡುತ್ತೇನೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಇವರು ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟನ್ ಮತ್ತು ಐರ್ಲೆಂಡಿನ ಸುತ್ತ ಸಮುದ್ರದಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಕೋಸ್ಟ್‌ಗಾರ್ಡ್‌ಗೆ ಸುದ್ದಿ ಹೋಗುತ್ತದೆ, ಆದರೆ ದೋಣಿ ತೆಗೆದುಕೊಂಡು ಹೋಗುವವರು ಬಹುಪಾಲು ಆರ್‌ಎನ್‌ಎಲ್‌ಐ ಎಂಬ ಸಂಸ್ಥೆಯ ಸ್ವಯಂಸೇವಕರು. ಪೂರ್ತಿ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಬ್ರಿಟನ್ ಮತ್ತು ಐರ್ಲೆಂಡಿನ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮನೆ ಮಾಡಿದ್ದ ಸರ್ ವಿಲಿಯಂ ಹಿಲರಿ ಎಂಬವರು ಹಟ ಹಿಡಿದು 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಕಟ್ಟಿದ್ದು. ಸರ್ಕಾರದ ಇಲಾಖೆ ಅಲ್ಲ, ಜನ ಕೊಡುವ ದುಡ್ಡಿನಲ್ಲಿ ನಡೆಯುವ ದತ್ತಿ ಸಂಸ್ಥೆ. ಈಗ 238 ಠಾಣೆಗಳಿವೆ. 2024ರಲ್ಲಿ ಇನ್ನೂರು ವರ್ಷ ತುಂಬುವಾಗ ಉಳಿಸಿದ ಜೀವಗಳ ಲೆಕ್ಕ 1,46,000 ದಾಟಿತ್ತು. ಹಿಂದೆ ದೋಣಿ ಹತ್ತುವವರು ಹೆಚ್ಚಾಗಿ ಮೀನುಗಾರರೇ. ಇವತ್ತು ಸಮುದ್ರವೇ ಕಸುಬು ಅನ್ನುವವರು ಹತ್ತರಲ್ಲಿ ಒಬ್ಬರು. ಉಳಿದವರು ಬಡಗಿ, ನರ್ಸ್, ಅಂಗಡಿಯವರು, ಮೇಷ್ಟ್ರು, ಹೀಗೆ.

ನನ್ನ ಕೆಲಸ ಇವರ ದನಿ ಮತ್ತು ಇವರ ಸುತ್ತಲಿನ ಸದ್ದನ್ನು ಹಿಡಿದಿಡುವುದು. ಶುರುವಿನಲ್ಲಿ ನನಗೆ ಬೇಕಾಗಿದ್ದು ಬಿರುಗಾಳಿ. ಬೇರೇನಿದ್ದೀತು ಅಲ್ವಾ? ಲೈಫ್‌ಬೋಟ್ ಅಂದರೆ ಅಲೆ, ಗಾಳಿ, ಕೂಗು. ಒಳ್ಳೆ ಗಾಳಿ ಇದ್ದ ಒಂದು ದಿನ ಮೈಕಿಗೆ ತುಪ್ಪಳದ ಹೊದಿಕೆ ಹಾಕಿಕೊಂಡು ಬಂದರಿನ ಗೋಡೆಯ ಮೇಲೆ ನಿಂತೆ. ಮನೆಗೆ ಬಂದು ಕೇಳಿದರೆ ಎರಡು ಗಂಟೆ ಬರೀ ಗೊರಗೊರ. ಗಾಳಿ ಬೀಸುವ ಸದ್ದು ಬೇರೆ, ಗಾಳಿ ಮೈಕಿಗೆ ಬಡಿಯುವ ಸದ್ದು ಬೇರೆ. ಜೋರು ಗಾಳಿಯಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿಬಿಡುತ್ತದೆ. ದೋಣಿಯ ಒಳಗಾದರೆ ಇಂಜಿನ್ ಎಲ್ಲವನ್ನೂ ನುಂಗುತ್ತದೆ. ದೊಡ್ಡ ಲೈಫ್‌ಬೋಟ್‌ಗಳಲ್ಲಿ ಪಕ್ಕಪಕ್ಕ ಕೂತವರೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೇ ಮಾತಾಡುವುದು. ಬಿರುಗಾಳಿಯ ಹೊಟ್ಟೆಯೊಳಗೆ ಹೋದರೆ ಮೈಕಿಗೆ ಬಿರುಗಾಳಿ ಸಿಗುವುದಿಲ್ಲ, ಇದು ನನಗೆ ಅರ್ಥವಾಗುವುದಕ್ಕೆ ಬಹಳ ದಿನ ಹಿಡಿಯಿತು.

ಹಾಗಾದರೆ ಎಲ್ಲಿ ಸಿಗುತ್ತದೆ? ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಗುತ್ತದೆ. ಹೊರಡುವ ಮುಂಚೆ ಮತ್ತು ಬಂದ ಮೇಲೆ.

ಪೇಜರ್, ಅಂದರೆ ಕರೆ ಬಂದಿದೆ ಅಂತ ಸಿಬ್ಬಂದಿಗೆ ತಿಳಿಸುವ ಪುಟ್ಟ ಯಂತ್ರ, ಕೂಗಿದ ಕ್ಷಣದಿಂದ ದೋಣಿ ನೀರಿಗೆ ಇಳಿಯುವವರೆಗಿನ ಸದ್ದುಗಳನ್ನು ಒಂದೊಂದಾಗಿ ಕೇಳಿ ನೋಡಿ. ಕಾರಿನ ಬಾಗಿಲು ಬಡಿದದ್ದು, ಜಲ್ಲಿಯ ಮೇಲೆ ಓಡಿದ ಹೆಜ್ಜೆ, ಬೋಟ್‌ಹೌಸಿನ ದೊಡ್ಡ ಬಾಗಿಲು ಮೇಲೇಳುವ ಗಡಗಡ, ಬೂಟು, ಜಿಪ್, ಲೈಫ್‌ಜಾಕೆಟ್ಟಿನ ಕೊಂಡಿ ಟಕ್ ಅಂದದ್ದು. ಮಾತು ತೀರಾ ಕಡಿಮೆ. ಯಾರು ಬಂದರು, ಎಷ್ಟು ಜನ ಆದರು, ಎಲ್ಲಿಗೆ, ಅಷ್ಟೇ. ಆಮೇಲೆ ಸ್ಲಿಪ್‌ವೇ ಇರುವ ಠಾಣೆಯಾದರೆ, ಅಂದರೆ ಬೋಟ್‌ಹೌಸಿನಿಂದ ಸೀದಾ ನೀರಿಗೆ ಇಳಿಜಾರು ಇರುವ ಕಡೆ, ದೋಣಿ ತನ್ನ ಭಾರಕ್ಕೇ ಜಾರಿಕೊಂಡು ಹೋಗುತ್ತದೆ. ಹಳೇ ಪದ್ಧತಿಯಲ್ಲಿ ದೋಣಿಯನ್ನು ತಡೆದಿಟ್ಟ ಕೊಂಡಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿ ಬಿಡಿಸುತ್ತಿದ್ದರು. ಆ ಏಟು ಬಿದ್ದ ಮೇಲೆ ಅರೆ ಕ್ಷಣ ಏನೂ ಆಗುವುದಿಲ್ಲ. ಅಷ್ಟು ದೊಡ್ಡ ದೋಣಿ ಹೊರಡಲೋ ಬೇಡವೋ ಅಂತ ಯೋಚಿಸಿದ ಹಾಗೆ. ಆಮೇಲೆ ಗುಡುಗು. ಆ ಅರೆ ಕ್ಷಣ ನನಗೆ ಬಹಳ ಇಷ್ಟ, ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ.

ಈಗ ದನಿಗಳ ವಿಷಯ. ಇದು ಕಷ್ಟದ ಕೆಲಸ. ಲೈಫ್‌ಬೋಟ್ ಜನ ತಮ್ಮ ಬಗ್ಗೆ ಹೇಳಿಕೊಳ್ಳುವವರಲ್ಲ. ಇಂಗ್ಲೆಂಡಿನ ನಾರ್ಫೋಕ್‌ನ ಕ್ರೋಮರ್ ಠಾಣೆಯ ಹೆನ್ರಿ ಬ್ಲಾಗ್ ಈ ಸಂಸ್ಥೆಯಲ್ಲೇ ಅತಿ ಹೆಚ್ಚು ಗೌರವ ಪಡೆದವರು, ಮೂರು ಚಿನ್ನದ ಪದಕ, 53 ವರ್ಷದ ಸೇವೆ, ಅವರು ಮತ್ತು ಅವರ ಜೊತೆಗಾರರು ಉಳಿಸಿದ ಜೀವ 873. ಅಂಥವರೂ ಮಾತಿಗೆ ಸಿಗುತ್ತಿದ್ದವರಲ್ಲ. ಇವತ್ತಿನವರೂ ಹಾಗೇ. "ಭಯ ಆಗಿತ್ತಾ?" ಅಂತ ಕೇಳಿ ನೋಡಿ, "ಇಲ್ಲ, ಅಭ್ಯಾಸ ಇರುತ್ತಲ್ಲ" ಅನ್ನುತ್ತಾರೆ. ಮುಗಿಯಿತು ಸಂದರ್ಶನ. "ಆವತ್ತು ಏನಾಯ್ತು ಹೇಳಿ" ಅಂದರೆ ವರದಿ ಓದಿದ ಹಾಗೆ ಗಂಟೆ, ಗಾಳಿಯ ದಿಕ್ಕು, ದೋಣಿಯ ಹೆಸರು ಹೇಳುತ್ತಾರೆ.

ನನಗೆ ದಾರಿ ತೋರಿಸಿದ್ದು ನಿವೃತ್ತ ಕಾಕ್ಸನ್ ಒಬ್ಬರು. ಕಾಕ್ಸನ್ ಅಂದರೆ ದೋಣಿಯ ಮುಖ್ಯಸ್ಥ. ವಯಸ್ಸು ಎಂಬತ್ತು ದಾಟಿತ್ತು. ಅರ್ಧ ಗಂಟೆ ಏನು ಕೇಳಿದರೂ ಹೌದು, ಇಲ್ಲ, ನೆನಪಿಲ್ಲ. ಮೈಕ್ ಆಫ್ ಮಾಡುವ ಮುಂಚೆ ಸುಮ್ನೆ ಕೇಳಿದೆ, "ಆವತ್ತು ನಿಮಗೆ ಮೊದಲು ಕೇಳಿಸಿದ್ದು ಏನು?" ಅವರು ಉತ್ತರ ಹೇಳಲಿಲ್ಲ. ಕೆನ್ನೆ ಉಬ್ಬಿಸಿ ಬಾಯಿಂದ ಸದ್ದು ಮಾಡಿದರು. ಮೊದಲು ಸುಯ್ಯ್ ಅಂತ ಮೇಲೇರಿದ್ದು, ಆಮೇಲೆ ಢಮ್. ಸ್ವಲ್ಪ ಬಿಟ್ಟು ಇನ್ನೊಂದು ಢಮ್. ಅದು ಮರೂನ್. ಪೇಜರ್ ಬರುವ ಮೊದಲು ಸಿಬ್ಬಂದಿಯನ್ನು ಕರೆಯುವುದಕ್ಕೆ ಆಕಾಶಕ್ಕೆ ಹಾರಿಸುತ್ತಿದ್ದ ಸಿಡಿಮದ್ದು. ಇಡೀ ಊರಿಗೆ ಕೇಳಿಸುತ್ತಿತ್ತು. ಆ ಎರಡು ಢಮ್ ಬಾಯಿಂದ ಬಂದ ಮೇಲೆ ಅವರು ಮುಕ್ಕಾಲು ಗಂಟೆ ನಿಲ್ಲದೆ ಮಾತಾಡಿದರು: ಮದ್ದು ಸಿಡಿದ ಕೂಡಲೇ ಬೊಗಳಿದ ನಾಯಿ, ಎದ್ದು ಹಾರಿದ ಕಡಲಹಕ್ಕಿ, ಎದುರು ಮನೆಯ ಕಿಟಕಿ ತೆಗೆದದ್ದು, ಓಡುವಾಗ ತಮ್ಮದೇ ಬೂಟಿನ ಸದ್ದು, ಆಮೇಲೆ ನಿಧಾನವಾಗಿ, ತಾವಾಗಿಯೇ, ನೀರಿನಲ್ಲಿ ಕೂಗುತ್ತಿದ್ದ ಒಂದು ದನಿ ಮತ್ತು ಅದು ನಿಂತುಹೋದದ್ದು.

ಅಲ್ಲಿಂದ ಇಲ್ಲಿಯವರೆಗೆ ನನ್ನ ಮೊದಲ ಪ್ರಶ್ನೆ ಅದೇ. ಕಣ್ಣು ಕಂಡದ್ದನ್ನು ಅವರು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿರುತ್ತಾರೆ, ಹೇಳಿ ಹೇಳಿ ಅದು ನಯವಾಗಿರುತ್ತದೆ. ಕಿವಿ ಕೇಳಿದ್ದನ್ನು ಯಾರೂ ಕೇಳಿರುವುದಿಲ್ಲ. ಹಾಗಾಗಿ ಅದು ಹಸಿಯಾಗಿ ಹಾಗೇ ಇರುತ್ತದೆ.

ಆ ಸಂದರ್ಶನದಲ್ಲಿ ಇನ್ನೂ ಒಂದು ಆಯಿತು. ಅವರ ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, "ನಾನು ಕೇಳಿದ್ದು ಬೇರೆ" ಅಂದರು. ಮರೂನ್ ಸಿಡಿದ ಮೇಲೆ ಗಂಡ ಓಡಿಹೋದರೆ ಅವರಿಗೆ ಉಳಿಯುತ್ತಿದ್ದದ್ದು ಕಪಾಟಿನ ಮೇಲಿನ ರೇಡಿಯೋ ಸೆಟ್. ಅದರಲ್ಲಿ ಗಂಡನ ದನಿ ಬಂದರೆ ಸರಿ, ಬರದಿದ್ದರೆ ಬರೀ ಬುಸ್ಸ್ ಅನ್ನುವ ಸದ್ದು. ಆ ಬುಸ್ಸ್ ಕೇಳುತ್ತಾ ರಾತ್ರಿಯೆಲ್ಲ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ, ಇದ್ದ ಬಟ್ಟೆಯೆಲ್ಲ ಮುಗಿದರೆ ಮತ್ತೆ ಮೊದಲಿನಿಂದ, ಅಂದರು. ಮೂವತ್ತು ವರ್ಷ ಈ ಸದ್ದನ್ನು ಕೇಳಿದ ಅವರನ್ನು ಅಲ್ಲಿಯವರೆಗೆ ಒಬ್ಬರೂ ಮಾತಾಡಿಸಿರಲಿಲ್ಲ. ದೋಣಿ ಹತ್ತಿದವರಿಗೆ ಪದಕ, ಫೋಟೋ, ಹಲಗೆಯ ಮೇಲೆ ಹೆಸರು ಇದೆ. ದಡದಲ್ಲಿ ಕಿವಿಗೊಟ್ಟು ಕೂತವರದು ಎಲ್ಲೂ ಇಲ್ಲ, ನನಗೆ ಇದು ನಿಜವಾಗಿ ನೋವು ಕೊಡುವ ವಿಷಯ. ಈಗ ಯಾವ ಠಾಣೆಗೆ ಹೋದರೂ ಮನೆಯವರ ಜೊತೆಯೂ ಅಷ್ಟೇ ಹೊತ್ತು ಕೂರುತ್ತೇನೆ. ದೋಣಿಯನ್ನು ನೀರಿನವರೆಗೆ ಒಯ್ಯುವ ಟ್ರ್ಯಾಕ್ಟರ್ ಓಡಿಸುವವರು, ದೋಣಿ ಇಳಿಸುವವರು, ದುಡ್ಡು ಕೂಡಿಸುವ ಡಬ್ಬಿ ಹಿಡಿದು ನಿಲ್ಲುವವರು, ಎಲ್ಲರ ಜೊತೆಯೂ.

ಸದ್ದು ಸಾಯುತ್ತದೆ, ಅದೂ ಯಾರಿಗೂ ಗೊತ್ತಾಗದ ಹಾಗೆ. ಯಾರ್ಕ್‌ಶೈರಿನ ವಿಟ್‌ಬಿಯಲ್ಲಿ ಹುಟ್ಟು ಹಾಕಿ ನಡೆಸುವ ಕೊನೆಯ ಲೈಫ್‌ಬೋಟ್ 1957ರವರೆಗೂ ಸೇವೆಯಲ್ಲಿತ್ತು. ಆ ದೋಣಿ ಇವತ್ತೂ ಅಲ್ಲಿನ ಮ್ಯೂಸಿಯಂನಲ್ಲಿದೆ, ಬಣ್ಣ ಹೊಳೆಯುತ್ತಿದೆ, ಹೋಗಿ ನೋಡಬಹುದು. ಆದರೆ ಅಷ್ಟೂ ಹುಟ್ಟು ಒಟ್ಟಿಗೆ ನೀರಿಗೆ ಬಿದ್ದಾಗ ಏನು ಕೇಳಿಸುತ್ತಿತ್ತು, ಲೆಕ್ಕ ಕೂಗುತ್ತಿದ್ದವರು ಹೇಗೆ ಕೂಗುತ್ತಿದ್ದರು, ಅದನ್ನು ಮರದ ದೋಣಿ ಹೇಳುವುದಿಲ್ಲ. ಮರೂನ್ ಕೂಡ ಈ ಶತಮಾನದ ಮೊದಲ ದಶಕದಲ್ಲಿ ಹೋಯಿತು. ಇಂಜಿನ್‌ಗಳೂ ಬದಲಾಗುತ್ತಿವೆ. ಶ್ಯಾನನ್ ಎಂಬ ಹೊಸ ಮಾದರಿಯ ಲೈಫ್‌ಬೋಟ್‌ಗೆ ಪ್ರೊಪೆಲರ್ ಇಲ್ಲ, ನೀರನ್ನು ಹಿಂದಕ್ಕೆ ಚಿಮ್ಮಿಸಿ 25 ನಾಟ್, ಅಂದರೆ ಗಂಟೆಗೆ ಸುಮಾರು 46 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ, ಅದರ ಸದ್ದಿನ ಬಣ್ಣವೇ ಬೇರೆ. ಹಳೇ ಮೆಕ್ಯಾನಿಕ್‌ಗಳು ಕಣ್ಣು ಮುಚ್ಚಿ ಇದು ಇಂಥ ದೋಣಿ ಅಂತ ಹೇಳಿಬಿಡುತ್ತಾರೆ.

ಜ್ಯಾಕ್ ಲೋ ಎಂಬ ಛಾಯಾಗ್ರಾಹಕರು 2015ರಿಂದ ಒಂದು ಹಳೇ ಆಂಬ್ಯುಲೆನ್ಸ್ ಅನ್ನೇ ಡಾರ್ಕ್‌ರೂಮ್ ಮಾಡಿಕೊಂಡು ಠಾಣೆಯಿಂದ ಠಾಣೆಗೆ ಹೋಗಿ ಗಾಜಿನ ಫಲಕದ ಮೇಲೆ ಸಿಬ್ಬಂದಿಯ ಚಿತ್ರ ತೆಗೆದಿದ್ದಾರೆ, ಹತ್ತೊಂಬತ್ತನೇ ಶತಮಾನದ ವಿಧಾನ. ಒಂದು ಚಿತ್ರಕ್ಕೆ ಸೆಕೆಂಡುಗಟ್ಟಲೆ ಅಲುಗಾಡದೆ ನಿಲ್ಲಬೇಕು. ಆ ಮುಖಗಳನ್ನು ನೋಡುತ್ತಾ ನನಗೆ ಅನ್ನಿಸುವುದು, ಹೀಗೆ ನಿಲ್ಲುವುದು ಅವರಿಗೆ ಗೊತ್ತು, ಯಾಕೆಂದರೆ ಕಾಯುವುದು ಗೊತ್ತು.

ಇನ್ನೊಂದು ವಿಷಯ, ಇದನ್ನು ಹೇಳುವಾಗ ನಿಧಾನವಾಗಿ ಹೇಳಬೇಕು. 1981ರ ಡಿಸೆಂಬರ್ 19. ಕಾರ್ನ್‌ವಾಲ್‌ನ ಮೌಝಲ್ ಎಂಬ ಹಳ್ಳಿಯಿಂದ ಪೆನ್ಲೀ ಠಾಣೆಯ ಸಾಲೊಮನ್ ಬ್ರೌನ್ ಎಂಬ ಮರದ ಲೈಫ್‌ಬೋಟ್ ಹೊರಟಿತು. ಯೂನಿಯನ್ ಸ್ಟಾರ್ ಎಂಬ ಹಡಗಿನ ಇಂಜಿನ್ ನಿಂತು ಅದು ಬಂಡೆಗಳ ಕಡೆಗೆ ತೇಲುತ್ತಿತ್ತು. ಹೊರಡುವ ಮುಂಚೆ ಕಾಕ್ಸನ್ ಟ್ರೆವೆಲ್ಯನ್ ರಿಚರ್ಡ್ಸ್ ಒಂದೇ ಮನೆಯಿಂದ ಇಬ್ಬರು ಬೇಡ ಅಂತ ಒಬ್ಬ ಹುಡುಗನನ್ನು ದಡದಲ್ಲೇ ಬಿಟ್ಟರು. ಅವನ ತಂದೆ ದೋಣಿಯಲ್ಲಿದ್ದರು. ನಾಲ್ಕು ಜನರನ್ನು ಹತ್ತಿಸಿಕೊಂಡಿದ್ದೇವೆ ಅಂತ ರೇಡಿಯೋದಲ್ಲಿ ಹೇಳುತ್ತಿದ್ದ ಹಾಗೇ ದನಿ ಕಡಿದುಹೋಯಿತು. ಫಾಲ್ಮತ್ ಕೋಸ್ಟ್‌ಗಾರ್ಡ್ ಮತ್ತೆ ಮತ್ತೆ ಕರೆದರು. ಲೈಫ್‌ಬೋಟಿನ ಎಂಟು ಜನ, ಹಡಗಿನ ಎಂಟು ಜನ, ಹದಿನಾರೂ ಜನ ಹೋದರು. ದಡದಲ್ಲಿ ಉಳಿದ ಆ ಹುಡುಗ ಮುಂದೆ ಅದೇ ಠಾಣೆಯ ಕಾಕ್ಸನ್ ಆದ.

ಆ ರೇಡಿಯೋ ಮಾತಿನ ಧ್ವನಿಮುದ್ರಣ ಇದೆ. ಅದನ್ನು ಇಲ್ಲಿ ಹಾಕುವುದಿಲ್ಲ. ಹಾಕಬಾರದು ಅಂತ ನಿಯಮ ಇದೆ ಅಂತಲ್ಲ. ಕೊನೆಯ ಒಂದು ನಿಮಿಷವನ್ನೇ ಎಲ್ಲರೂ ಕೇಳುತ್ತಾ ಹೋದರೆ ಆ ಎಂಟು ಜನ ಆ ಒಂದು ನಿಮಿಷವೇ ಆಗಿಬಿಡುತ್ತಾರೆ. ನನಗೆ ಕೇಳಬೇಕು ಅನ್ನಿಸುವುದು ಅದರ ಹಿಂದಿನ ವಾರದ ಅಭ್ಯಾಸದ ಸಂಜೆ: ಯಾರು ಯಾರನ್ನು ರೇಗಿಸಿದರು, ಯಾರು ಶಿಳ್ಳೆ ಹಾಕುತ್ತಿದ್ದರು, ಬೋಟ್‌ಹೌಸಿನಲ್ಲಿ ನಗು ಹೇಗೆ ಮೊಳಗುತ್ತಿತ್ತು. ಅಭ್ಯಾಸದ ದಿನವೇ ರೆಕಾರ್ಡ್ ಮಾಡುತ್ತೇನೆ ಅಂದೆನಲ್ಲ, ಅದಕ್ಕೇ. ಏನೂ ಆಗದ ಸಂಜೆಯನ್ನು ಉಳಿಸಬೇಕು ಅನ್ನುವುದು ನನ್ನ ಆಸೆ.

ನಿಜವಾದ ಕರೆ ಬಂದರೆ ನನ್ನ ರೆಕಾರ್ಡರ್ ಆಫ್. ಕಾಪಾಡಲ್ಪಟ್ಟವರು ತಮ್ಮ ಅತ್ಯಂತ ಕೆಟ್ಟ ಗಳಿಗೆಯಲ್ಲಿರುತ್ತಾರೆ, ಅವರ ಒಪ್ಪಿಗೆ ಯಾರು ಕೇಳಿದ್ದಾರೆ? ಸಿಬ್ಬಂದಿ ಮಾತಾಡಿದ್ದನ್ನೂ ಅವರಿಗೇ ಕೇಳಿಸಿ, ಬೇಡ ಅಂದದ್ದನ್ನು ತೆಗೆಯುತ್ತೇನೆ. ವಾರ ಬಿಟ್ಟು ಫೋನ್ ಮಾಡಿ ಆ ಒಂದು ಮಾತು ತೆಗೆದುಬಿಡಿ ಅಂದವರಿದ್ದಾರೆ. ತೆಗೆದಿದ್ದೇನೆ.

ಭಾಷೆಯದೂ ಒಂದು ಸೊಗಸು. ವೇಲ್ಸ್‌ನ ಆಂಗ್ಲೆಸಿ ದ್ವೀಪದಲ್ಲಿ ಮೊಯೆಲ್ವ್ರೆ ಅಂತ ಒಂದು ಠಾಣೆ ಇದೆ. ಅಲ್ಲಿನ ಕಾಕ್ಸನ್ ಡಿಕ್ ಇವಾನ್ಸ್ 1959ರಲ್ಲಿ ಒಮ್ಮೆ, 1966ರಲ್ಲಿ ಇನ್ನೊಮ್ಮೆ ಚಿನ್ನದ ಪದಕ ಪಡೆದವರು. ಅದು ವೆಲ್ಷ್ ಮಾತಾಡುವ ಕರಾವಳಿ. ಐರ್ಲೆಂಡಿನ ಆರನ್ ದ್ವೀಪಗಳಲ್ಲಿ ಐರಿಷ್. ರೇಡಿಯೋದಲ್ಲಿ ಬಿಡಿಬಿಡಿಯಾಗಿ, ತೂಕ ಮಾಡಿದ ಹಾಗೆ ಇಂಗ್ಲಿಷ್, ಬಟನ್ ಬಿಟ್ಟ ಕೂಡಲೇ ಮನೆಮಾತು. ಕೆಲಸದ ಪದಗಳೂ ಬೇರೆಯೇ. ಕರೆ ಬಂದದ್ದಕ್ಕೆ ಅವರು ಹೇಳುವುದು ಶೌಟ್, ಅಂದರೆ ಕೂಗು. ಅಪಾಯದಲ್ಲಿರುವ ದೋಣಿಗೂ ಕ್ಯಾಶುಯಲ್ಟಿ ಅನ್ನುತ್ತಾರೆ, ಮನುಷ್ಯನಿಗೆ ಅಂದ ಹಾಗೇ. ಬರೆದಿಟ್ಟರೆ ಪದ ಉಳಿಯುತ್ತದೆ, ಅದನ್ನು ಹೇಳುವ ರಾಗ ಉಳಿಯುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಇಳಿಯುವುದಾದರೆ ಯಂತ್ರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಿಸುಮಾತಿನಿಂದ ಗುಡುಗಿಗೆ ಒಂದೇ ಕ್ಷಣದಲ್ಲಿ ಹೋಗುವ ಜಾಗ ಇದು, ಹಾಗಾಗಿ 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಒಳ್ಳೆಯದು, ಸದ್ದು ಒಡೆಯುವ ಭಯ ಕಡಿಮೆ. ಕಂಬಿಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಇದ್ದರೆ ದೋಣಿಯ ಮೈಯೊಳಗಿನ ನಡುಕ ಸಿಗುತ್ತದೆ. ಉಪ್ಪುಗಾಳಿಯಿಂದ ಬಂದ ದಿನವೇ ಎಲ್ಲವನ್ನೂ ಒರೆಸಿಡಿ. ಫೈಲನ್ನು ಎರಡು ಬೇರೆ ಬೇರೆ ಕಡೆ ಇಡಿ. ಬ್ರಿಟಿಷ್ ಲೈಬ್ರರಿ 2015ರಲ್ಲಿ ಹಳೇ ಟೇಪುಗಳನ್ನು ಉಳಿಸುವ ದೊಡ್ಡ ಯೋಜನೆ ಶುರು ಮಾಡಿದ್ದು ಸುಮ್ನೆ ಅಲ್ಲ, ಟೇಪೂ ಹಾಳಾಗುತ್ತಿತ್ತು, ಅದನ್ನು ನುಡಿಸುವ ಯಂತ್ರಗಳೂ ಇಲ್ಲವಾಗುತ್ತಿದ್ದವು. ರೆಕಾರ್ಡ್ ಮಾಡಿದವರ ಮನೆಯ ಅಟ್ಟದಲ್ಲೇ ಕೊಳೆತುಹೋದ ದನಿಗಳು ಎಷ್ಟೋ.

ಕೊನೆಯದಾಗಿ ಒಂದು ನಾಲ್ಕು ನಿಮಿಷದ ತುಣುಕು ಹಾಕುತ್ತೇನೆ. ಮೊದಲು ಕೇಳಿಸಿದ ಜಿಪ್‌ನ ಅದೇ ರಾತ್ರಿ, ವಾಪಸ್ ಬಂದ ಮೇಲೆ. ಮೊದಲು ಕೇಳುವುದು ಪೈಪಿನ ನೀರು, ಪ್ರತಿ ಸಲ ಬಂದ ಮೇಲೂ ಸಿಹಿನೀರಿನಲ್ಲಿ ದೋಣಿಯ ಉಪ್ಪೆಲ್ಲ ತೊಳೆಯಲೇಬೇಕು. ನಡುವೆ ಯಾರೋ ಹಲ್ಲು ಕಡಿಯುತ್ತಾ ಹಾಡು ಗುನುಗುತ್ತಾರೆ, ಚಳಿ. ಎರಡನೇ ನಿಮಿಷದಲ್ಲಿ ಪೆಟ್ರೋಲ್ ತುಂಬಿಸುವ ಸದ್ದು, ಕೆಟಲ್ ಕುದಿಯುವುದು. ಮೂರನೆಯದರಲ್ಲಿ ಜಿಪ್, ಈ ಸಲ ತೆಗೆಯುವುದು. ಆಮೇಲೆ ಆ ಟೀಚರ್ ರೇಡಿಯೋ ಎತ್ತಿಕೊಂಡು ದೋಣಿ ಮತ್ತೆ ಸೇವೆಗೆ ಸಿದ್ಧ ಅಂತ ಕೋಸ್ಟ್‌ಗಾರ್ಡ್‌ಗೆ ಹೇಳುತ್ತಾರೆ. ಕೊನೆಯಲ್ಲಿ ಲೈಟ್ ಸ್ವಿಚ್.

ದಯವಿಟ್ಟು ಹಿಂದಿನ ಬಾಗಿಲು ಸ್ವಲ್ಪ ಮುಚ್ಚುತ್ತೀರಾ? ಹಾಕುತ್ತೇನೆ.