ಮೊಮ್ಮಕ್ಕಳು ಹುಟ್ಟಬೇಕೋ ಬೇಡವೋ, ಅಜ್ಜಿಯೇ ತೀರ್ಮಾನಿಸುತ್ತಾಳೆ

ನಮಸ್ಕಾರ. ಬಾಳೆಹಣ್ಣು ಸ್ವಲ್ಪ ಜಾಸ್ತಿ ಕಳಿತರೆ ಸಾಕು, ಎಲ್ಲಿಂದಲೋ ಬಂದು ಮುತ್ತುವ ಸಣ್ಣ ನೊಣ ಗೊತ್ತಲ್ವಾ? ಇವತ್ತು ಅದರ ಮೊಟ್ಟೆಯ ಹಿಂತುದಿಯ ಬಗ್ಗೆ ಮಾತಾಡೋಣ. ಇಡೀ ಮೊಟ್ಟೆಯ ಉದ್ದವೇ ಅರ್ಧ ಮಿಲಿಮೀಟರ್. ಆದರೆ ಆ ನೊಣದ ವಂಶ ಮುಂದುವರಿಯುತ್ತೋ ಇಲ್ವೋ ಅನ್ನೋದು ನಿರ್ಧಾರವಾಗುವುದು ಆ ತುದಿಯಲ್ಲೇ.

ಮೊಟ್ಟೆ ಇಟ್ಟ ಮೇಲೆ ಮೊದಲು ಒಳಗೆ ಬಿಡಿ ಬಿಡಿ ಜೀವಕೋಶಗಳೇ ಇರುವುದಿಲ್ಲ. ಕೋಶಕೇಂದ್ರ ಮಾತ್ರ ಎರಡಾಗಿ, ನಾಲ್ಕಾಗಿ, ನಡುವೆ ಗೋಡೆಯೇ ಇಲ್ಲದೆ ಹೆಚ್ಚುತ್ತಾ ಹೋಗುತ್ತದೆ. ಸುಮಾರು ಒಂದೂವರೆ ಗಂಟೆ ಆಗುವಾಗ ಹಿಂತುದಿಗೆ ಬಂದ ಕೆಲವು ಕೇಂದ್ರಗಳು ಮಾತ್ರ ಗೋಡೆ ಕಟ್ಟಿಕೊಂಡು, ದುಂಡಗೆ ಉಬ್ಬಿ, ಹೊರಗೆ ಬಂದುಬಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಆಮೇಲೆ ಒಡೆದು ಒಡೆದು 30, 40 ಆಗುತ್ತವೆ. ಮುಂದೆ ಅಂಡಾಣು ಅಥವಾ ವೀರ್ಯಾಣು ಆಗುವವು ಇವೇ. ಉಳಿದದ್ದೆಲ್ಲ ರೆಕ್ಕೆ, ಕಣ್ಣು, ಕರುಳು, ಅಂದರೆ ಬರೀ ಮೈ.

ಹಿಂದೆ ಹೋದವಕ್ಕೇ ಯಾಕೆ ಈ ಭಾಗ್ಯ? ಅಲ್ಲಿರುವ ದ್ರವದಲ್ಲಿ ಏನೋ ಇದೆ ಎಂಬ ಅನುಮಾನ ಹಳೆಯದು. 1974ರಲ್ಲಿ ಕಾರ್ಲ್ ಇಲ್ಮೆನ್ಸೀ ಮತ್ತು ಆಂಥೊನಿ ಮಹೊವಾಲ್ಡ್ ಹಿಂತುದಿಯ ದ್ರವವನ್ನು ಸೂಜಿಯಲ್ಲಿ ತೆಗೆದು ಇನ್ನೊಂದು ಮೊಟ್ಟೆಯ ಮುಂತುದಿಗೆ, ಅಂದರೆ ತಲೆ ಬರಬೇಕಾದ ಕಡೆಗೆ, ಚುಚ್ಚಿದರು. ಅಲ್ಲೂ ಅದೇ ದುಂಡು ಕೋಶಗಳು ಹುಟ್ಟಿದವು! ಅವನ್ನು ಎತ್ತಿ ಮೂರನೆಯ ಭ್ರೂಣದ ಹಿಂದೆ ಇಟ್ಟರೆ ನಿಜವಾಗಿಯೂ ಸಂತಾನ ಕೊಟ್ಟವು. ಸರಿ, ಆ ದ್ರವವನ್ನು ಅಲ್ಲಿ ಕೂರಿಸುವುದು ಯಾವ ಜೀನ್? 1986ರಲ್ಲಿ ರೂತ್ ಲೇಮನ್ ಮತ್ತು ಕ್ರಿಸ್ಟಿಯಾನೆ ನುಸ್ಲೈನ್-ಫೋಲ್ಹಾರ್ಡ್ ಆಸ್ಕರ್ ಎಂಬ ಜೀನ್ ಹಿಡಿದರು. ತಾಯಿಯಲ್ಲಿ ಅದು ಕೆಟ್ಟಿದ್ದರೆ ಭ್ರೂಣಕ್ಕೆ ಈ ಕೋಶಗಳೂ ಇಲ್ಲ, ಹೊಟ್ಟೆಯ ಭಾಗವೂ ಇಲ್ಲ.

ಗಮನಿಸಿ, ಕೆಟ್ಟಿರುವುದು ಭ್ರೂಣದ ಜೀನ್ ಅಲ್ಲ, ತಾಯಿಯದು. ತನ್ನ ಹೊಟ್ಟೆಯಲ್ಲಿ ಮೊಟ್ಟೆ ಬೆಳೆಯುವಾಗಲೇ ಆಕೆ ಆಸ್ಕರ್‌ನ ಆರ್‌ಎನ್‌ಎಯನ್ನು, ಅಂದರೆ ಜೀನ್‌ನ ನಕಲು ಪ್ರತಿಯನ್ನು, ತಯಾರಿಸಿ ಒಳಗೆ ತುಂಬುತ್ತಾಳೆ. ಪಾರ್ಸೆಲ್‌ಗೆ ವಿಳಾಸ ಅಂಟಿಸಿದ ಹಾಗೆ ಆ ಆರ್‌ಎನ್‌ಎಯ ಬಾಲದಲ್ಲೇ ಎಲ್ಲಿಗೆ ಹೋಗಬೇಕೆಂದು ಬರೆದಿರುತ್ತದೆ. 1992ರಲ್ಲಿ ಆನ್ ಎಫ್ರುಸ್ಸಿ ಮತ್ತು ಲೇಮನ್ ಈ ವಿಳಾಸವನ್ನೇ ಬದಲಾಯಿಸಿದರು. ಬೈಕಾಯ್ಡ್ ಎಂಬ ಇನ್ನೊಂದು ಜೀನ್‌ನ ಆರ್‌ಎನ್‌ಎ ತಲೆಯ ಕಡೆ ಹೋಗುತ್ತದೆ, ಅದರ ಬಾಲವನ್ನು ಆಸ್ಕರ್‌ಗೆ ಜೋಡಿಸಿದರೆ, ಮುಂತುದಿಯಲ್ಲೇ ಸಂತಾನ ಕೋಶಗಳು ತಯಾರಾದವು. ಒಂದೇ ಜೀನ್ ಇಷ್ಟೆಲ್ಲ ಮಾಡುತ್ತದೆ ಅಂದರೆ ನನಗಂತೂ ಈಗಲೂ ಆಶ್ಚರ್ಯ. ಪೂರ್ತಿ ಒಂಟಿಯಾಗಿ ಅಲ್ಲ, ವಾಸಾ, ಟ್ಯೂಡರ್ ಎಂಬ ಜೀನ್‌ಗಳೂ ಜೊತೆಗಿರಲೇಬೇಕು. ಟ್ಯೂಡರ್ ಕೆಟ್ಟ ತಾಯಿಯ ಮಕ್ಕಳಲ್ಲಿ ಬದುಕಿ ಬೆಳೆದವು ನೋಡೋಕೆ ಸರಿಯಾಗೇ ಇರುತ್ತವೆ, ಅವಕ್ಕೆ ಮಕ್ಕಳು ಮಾತ್ರ ಆಗುವುದಿಲ್ಲ, ಅಂದರೆ ಆ ತಾಯಿಗೆ ಮೊಮ್ಮಕ್ಕಳೇ ಇಲ್ಲ. ವಾರಸುದಾರನಿಗಾಗಿ ಒದ್ದಾಡಿದ ಇಂಗ್ಲೆಂಡಿನ ರಾಜಮನೆತನದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ, ತಮಾಷೆ ಮಾಡೋಕೆ ವಿಜ್ಞಾನಿಗಳಿಗೂ ಬರುತ್ತೆ.

ಇನ್ನು ಈ ಕೋಶಗಳು ಮಾಡುವ ಮೊದಲ ಕೆಲಸ ಏನು ಅಂದರೆ, ಸುಮ್ನೆ ಇರುವುದು. ಪಕ್ಕದ ಕೋಶಗಳೆಲ್ಲ ತಮ್ಮ ಜೀನ್‌ಗಳನ್ನು ಓದಿ ಮೈಯಾಗಲು ಹೊರಟಾಗ, ಪಿಜಿಸಿ ಎಂಬ ಪುಟ್ಟ ಪ್ರೋಟೀನ್ ಇವು ಓದದಂತೆ ತಡೆಯುತ್ತದೆ. ಆ ತಡೆ ಇಲ್ಲದಿದ್ದರೆ ಇವೂ ಮೈಯ ಜೀನ್‌ಗಳನ್ನು ಓದತೊಡಗಿ ಹಾಳಾಗುತ್ತವೆ.

ಆಮೇಲೆ ಪ್ರಯಾಣ. ಭ್ರೂಣ ಮಡಚಿಕೊಳ್ಳುವಾಗ ಇವು ಕರುಳಾಗಲಿರುವ ಚೀಲದೊಳಗೆ ಸೇರಿ, ಅದರ ಗೋಡೆ ದಾಟಿ ಹೊರಬಂದು, ಎರಡು ಗುಂಪಾಗಿ ಎಡಬಲದಲ್ಲಿ ಅಂಡಾಶಯ ಅಥವಾ ವೃಷಣ ಆಗಲಿರುವ ಜಾಗದತ್ತ ಹೊರಡುತ್ತವೆ. ದಾರಿಯಲ್ಲಿ ವುನೆನ್ ಎಂಬ ಜೀನ್ ಕೆಲಸ ಮಾಡುವ ಜಾಗಗಳಿಂದ ದೂರ ಸರಿಯುತ್ತವೆ. ಗುರಿಯ ಕಡೆಗೆ ಸೆಳೆಯಲು ಬೇಕಾದದ್ದು ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವ. ನಮ್ಮಲ್ಲಿ ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ತಡೆಯುವುದು ಇದೇ ಕಿಣ್ವವನ್ನು. ನೊಣಕ್ಕೆ ಕೊಲೆಸ್ಟ್ರಾಲ್ ತಯಾರಿಸಲು ಬರುವುದೇ ಇಲ್ಲ, ಕಿಣ್ವ ಮಾತ್ರ ಇಟ್ಟುಕೊಂಡಿದೆ. ಹೊರಟವೆಲ್ಲ ತಲುಪುವುದೂ ಇಲ್ಲ. ದಾರಿ ತಪ್ಪಿದ ಎಷ್ಟೋ ಕೋಶಗಳು ಮಧ್ಯದಲ್ಲೇ ಸಾಯುತ್ತವೆ.