ಪೊಯಟ್ಸ್ ಕಾರ್ನರ್‌ನಲ್ಲಿ ಕನ್ನಡ ಮೇಡಂ

ನಮಸ್ಕಾರ. ಹೋದ ವಾರ ಅಮ್ಮನನ್ನು ಕರೆದುಕೊಂಡು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅನ್ನೋ ಹಳೇ ಚರ್ಚಿಗೆ ಹೋಗಿದ್ದೆ. ಒಳಗೆ ನಾನು ವಿಡಿಯೋ ಮಾಡಿಲ್ಲ. ಫೋನಲ್ಲಿ ತೆಗೆದ ಫೋಟೋಗಳು ಮಾತ್ರ ಇವೆ, ಅವನ್ನೇ ತೋರಿಸುತ್ತಾ ಮಾತಾಡುತ್ತೇನೆ. ಟಿಕೆಟ್ ದುಬಾರಿ. ಅಮ್ಮ ಅದನ್ನು ರೂಪಾಯಿಗೆ ಲೆಕ್ಕ ಹಾಕಿ ಹತ್ತು ನಿಮಿಷ ಮಾತು ಬಿಟ್ಟಿದ್ದಳು.

ರಾಜರು ರಾಣಿಯರ ಸಮಾಧಿಗಳನ್ನೆಲ್ಲ ಸರಸರ ದಾಟಿಬಿಟ್ಟೆವು. ನನಗೆ ಬೇಕಾಗಿದ್ದದ್ದು ಒಂದೇ ಜಾಗ, ಪೊಯಟ್ಸ್ ಕಾರ್ನರ್, ಅಂದರೆ ಕವಿಗಳ ಮೂಲೆ. ಬಿಎಯಲ್ಲಿ ಆಪ್ಷನಲ್ ಇಂಗ್ಲಿಷ್ ತಗೊಂಡವಳು ನಾನು. ಚಾಸರ್, ಸ್ಪೆನ್ಸರ್, ಮಿಲ್ಟನ್ ಎಲ್ಲರೂ ನನಗೆ ಗೊತ್ತಾಗಿದ್ದು "ಹೊಂದಿಸಿ ಬರೆಯಿರಿ" ಪ್ರಶ್ನೆಯಲ್ಲಿ. ಎಡಗಡೆ ಹೆಸರು, ಬಲಗಡೆ ಪುಸ್ತಕ, ಮಧ್ಯೆ ಒಂದು ಗೆರೆ. ಇಲ್ಲಿ ನೋಡಿದರೆ ಅಂಥ ಎಷ್ಟೋ ಹೆಸರುಗಳು ಕಾಲ ಕೆಳಗೆ!

ಹೌದು, ಕಾಲ ಕೆಳಗೇ. ಈ ಫೋಟೋ ನೋಡಿ. ನೆಲದ ತುಂಬಾ ಕಲ್ಲಿನ ಹಾಸು, ಹಾಸಿನ ತುಂಬಾ ಹೆಸರು. ಜನ ಆರಾಮಾಗಿ ತುಳಿದುಕೊಂಡು ಓಡಾಡುತ್ತಾರೆ. ಅಮ್ಮ ಕಂಬದ ಹತ್ತಿರವೇ ನಿಂತುಬಿಟ್ಟಳು. "ಇದೇನೇ, ಅಕ್ಷರದ ಮೇಲೆ ಹೇಗೆ ಕಾಲಿಡೋದು?" ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ನಮ್ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಇಲ್ಲಿ ಹಾಗೆ ಮಾಡೋಕೆ ಹೊರಟರೆ ಸಂಜೆಯವರೆಗೂ ಬಗ್ಗಿ ಏಳುತ್ತಲೇ ಇರಬೇಕು. ಕೊನೆಗೆ ಕಲ್ಲು ಕಲ್ಲಿನ ನಡುವಿನ ಸಂದಿ ಹಿಡಿದು, ಕುಂಟೆಬಿಲ್ಲೆ ಆಡುವ ಹಾಗೆ, ಸೀರೆ ಎತ್ತಿ ಹಿಡಿದುಕೊಂಡು ಬಂದಳು.

ಈ ಮೂಲೆಗೆ ಮೊದಲು ಬಂದವನು ಜೆಫ್ರಿ ಚಾಸರ್. "ಕ್ಯಾಂಟರ್ಬರಿ ಟೇಲ್ಸ್" ಬರೆದನಲ್ಲ, ಅವನೇ. ಆದರೆ ಕವಿ ಅಂತ ಅವನನ್ನು ಇಲ್ಲಿ ಹೂಳಲಿಲ್ಲ. ಅವನು ಅರಮನೆಯ ಕಟ್ಟಡ ಕೆಲಸಗಳ ಮೇಲ್ವಿಚಾರಣೆ ಮಾಡಿದ್ದ ಸರ್ಕಾರಿ ನೌಕರ. 1399ರ ಡಿಸೆಂಬರಿನಲ್ಲಿ ಅಬ್ಬೆಯ ಕಾಂಪೌಂಡಿನಲ್ಲೇ ಒಂದು ಮನೆ ಹಿಡಿದ. ಲೀಸ್ ಎಷ್ಟು ವರ್ಷಕ್ಕೆ ಗೊತ್ತಾ? 53 ವರ್ಷಕ್ಕೆ! ಒಂದು ವರ್ಷ ತುಂಬುವುದರೊಳಗೆ, 1400ರಲ್ಲಿ, ತೀರಿಕೊಂಡ. ಬಾಡಿಗೆದಾರನಾಗಿದ್ದಕ್ಕೆ, ನೌಕರನಾಗಿದ್ದಕ್ಕೆ ಇಲ್ಲಿ ಜಾಗ ಸಿಕ್ಕಿತು. ಈಗ ಕಾಣುವ ಗೋರಿ ಕಟ್ಟಿದ್ದು 1556ರಲ್ಲಿ. 1599ರಲ್ಲಿ ಎಡ್ಮಂಡ್ ಸ್ಪೆನ್ಸರ್ ಸತ್ತಾಗ ಅವನನ್ನು ಚಾಸರ್ ಪಕ್ಕದಲ್ಲಿ ಇಟ್ಟರು. ಅಲ್ಲಿಂದ ಇದು ಕವಿಗಳ ಮೂಲೆ ಆಗುತ್ತಾ ಬಂತು. ಸ್ಪೆನ್ಸರನ ಗುಂಡಿಗೆ ಆವತ್ತಿನ ಕವಿಗಳು ತಮ್ಮ ಪದ್ಯಗಳನ್ನೂ ಬರೆದ ಲೇಖನಿಗಳನ್ನೂ ಎಸೆದರಂತೆ. ಅದರಲ್ಲಿ ಶೇಕ್ಸ್‌ಪಿಯರನ ಕೈಬರಹ ಏನಾದರೂ ಇರಬಹುದಾ ಅನ್ನೋ ಆಸೆಯಿಂದ 1938ರಲ್ಲಿ ಅಗೆದು ನೋಡಿದರು. ಸ್ಪೆನ್ಸರನ ಗುಂಡಿಯೇ ಸಿಗಲಿಲ್ಲ.

ಶೇಕ್ಸ್‌ಪಿಯರ್ ಇಲ್ಲಿಲ್ಲ. ಅವನಿರೋದು ತನ್ನೂರು ಸ್ಟ್ರಾಟ್‌ಫರ್ಡ್‌ನ ಚರ್ಚಿನಲ್ಲಿ. ಇಲ್ಲಿರೋದು ಆಳೆತ್ತರದ ಪ್ರತಿಮೆ, ಅದೂ ಅವನು ಸತ್ತು ನೂರಿಪ್ಪತ್ತು ವರ್ಷ ಕಳೆದ ಮೇಲೆ, 1740ರಲ್ಲಿ ಮಾಡಿಸಿದ್ದು. ಎಡಗೈ ಬೆರಳು ಒಂದು ಸುರುಳಿಯ ಕಡೆ ತೋರಿಸುತ್ತಿದೆ, ಅದರಲ್ಲಿ "ಟೆಂಪೆಸ್ಟ್" ನಾಟಕದ ಸಾಲುಗಳು. ನಾನು ಫೋನಲ್ಲಿ ಮೂಲ ತೆಗೆದು ಹೋಲಿಸಿ ನೋಡಿದೆ. ಸಾಲುಗಳು ನಾಟಕದಲ್ಲಿ ಇರುವ ಹಾಗೆ ಇಲ್ಲ, ಬದಲಾಗಿವೆ. ಅಮ್ಮನಿಗೆ ಹೇಳಿದೆ, ಅಷ್ಟೇ. ಅವಳೊಳಗಿದ್ದ ಕೆಂಪು ಪೆನ್ನು ಎದ್ದು ಕೂತಿತು. "ಇಷ್ಟು ದೊಡ್ಡ ಕಲ್ಲಿಗೆ ಒಬ್ಬರು ಪ್ರೂಫ್ ನೋಡಬಾರದಿತ್ತಾ?"

ಅಲ್ಲಿಂದ ಮುಂದೆ ನಮ್ಮ ಸುತ್ತಾಟದ ರೀತಿಯೇ ಬದಲಾಯಿತು. ಅಮ್ಮ ತಪ್ಪು ಹುಡುಕತೊಡಗಿದಳು. ಬೆನ್ ಜಾನ್ಸನ್ ಅಂತ ಒಬ್ಬ ನಾಟಕಕಾರ, ಶೇಕ್ಸ್‌ಪಿಯರನ ಕಾಲದವನೇ. 1637ರಲ್ಲಿ ಸತ್ತ. ಅವನನ್ನು ಹೂತಿರೋದು ಈ ಮೂಲೆಯಲ್ಲಲ್ಲ, ನಡುವಿನ ದೊಡ್ಡ ಹಜಾರದಲ್ಲಿ, ಅದೂ ನಿಂತ ಭಂಗಿಯಲ್ಲಿ. ಹದಿನೆಂಟು ಇಂಚು ಚದರ ಜಾಗ ಸಾಕು ಅಂತ ಕೇಳಿಕೊಂಡಿದ್ದ ಅನ್ನೋ ಕಥೆ ಇದೆ. ಅವನ ಕಲ್ಲಿನ ಮೇಲೆ "ಓ ರೇರ್ ಬೆನ್ ಜಾನ್ಸನ್" ಅಂತ ಕೆತ್ತಿದ್ದಾರೆ. ಅವನು ತನ್ನ ಹೆಸರಿನಲ್ಲಿ ಹೆಚ್ ಅಕ್ಷರ ಬರೆಯುತ್ತಿರಲಿಲ್ಲ. ಕಲ್ಲಿನಲ್ಲಿ ಒಂದು ಹೆಚ್ ಜಾಸ್ತಿ ಇದೆ. ಅಮ್ಮ ಅರ್ಧ ಅಂಕ ಕಡಿದಳು.

ಈಗ ತೋರಿಸುವ ಫೋಟೋ ಸ್ವಲ್ಪ ಹೊತ್ತು ಇಟ್ಟಿರುತ್ತೇನೆ. ಗೋಡೆಯ ಮೇಲಿನ ಒಂದು ಸಣ್ಣ ಫಲಕ. ಮೂವರು ಅಕ್ಕತಂಗಿಯರ ಹೆಸರು, ಶಾರ್ಲೆಟ್, ಎಮಿಲಿ, ಆ್ಯನ್. ಬ್ರಾಂಟೆ ಸೋದರಿಯರು. ಯಾರ್ಕ್‌ಶೈರಿನ ಹಾವರ್ತ್ ಊರಿನ ಪಾದ್ರಿಯ ಮಕ್ಕಳು. 1847ರಲ್ಲಿ ಒಂದೇ ವರ್ಷದಲ್ಲಿ "ಜೇನ್ ಐರ್", "ವದರಿಂಗ್ ಹೈಟ್ಸ್", "ಆ್ಯಗ್ನೆಸ್ ಗ್ರೇ" ಮೂರೂ ಬಂದವು. ಮೂರಕ್ಕೂ ಹಾಕಿದ್ದು ಹೆಂಗಸರದು ಅಂತ ಗೊತ್ತಾಗದ ಹೆಸರುಗಳು: ಕರ್ರರ್ ಬೆಲ್, ಎಲ್ಲಿಸ್ ಬೆಲ್, ಆ್ಯಕ್ಟನ್ ಬೆಲ್. ಹೆಂಗಸು ಬರೆದದ್ದು ಅಂದರೆ ವಿಮರ್ಶಕರು ಬೇರೆ ತಕ್ಕಡಿಯಲ್ಲಿ ತೂಗುತ್ತಾರೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಂಗ್ಲಿಷಿನಲ್ಲಿ ಅವರ ಹೆಸರಿನ ಕೊನೆಯ "ಇ" ಮೇಲೆ ಎರಡು ಚುಕ್ಕಿ ಬರುತ್ತವೆ. ಆ ಅಕ್ಷರವನ್ನು ಬಿಡದೆ ಉಚ್ಚರಿಸು ಅಂತ ಅದರ ಅರ್ಥ. ಈ ಫಲಕ ಮಾಡಿದ್ದು 1939ರಲ್ಲಿ. ಅದರಲ್ಲಿ ಚುಕ್ಕಿಗಳೇ ಇರಲಿಲ್ಲ! ಎಂಬತ್ತೈದು ವರ್ಷ ಹಾಗೇ ಇತ್ತು. 2024ರ ಸೆಪ್ಟೆಂಬರಿನಲ್ಲಿ ಚುಕ್ಕಿಗಳನ್ನು ಕೆತ್ತಿದರು.

ಅಮ್ಮನಿಗೆ ಹೇಗೆ ಬಿಡಿಸಿ ಹೇಳೋದು ಅಂತ ಯೋಚಿಸಿದೆ. "ಅಮ್ಮ, ಚುಕ್ಕಿ ಇಲ್ಲದಿದ್ದರೆ ಬ್ರಾಂಟ್ ಅಂತ ಓದಬಹುದು. ಚುಕ್ಕಿ ಇದ್ದರೆ ಬ್ರಾಂಟೆ."

"ಅಂದ್ರೆ ಎತ್ವ ಬಿಟ್ಟಿದ್ದರು ಅನ್ನು."

ಇಡೀ ದಿನದಲ್ಲಿ ಇಷ್ಟು ಸರಿಯಾದ ಮಾತು ಯಾವ ಆಡಿಯೋ ಗೈಡೂ ಹೇಳಲಿಲ್ಲ. ಫಲಕದ ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ, ಆ ಚುಕ್ಕಿಗಳನ್ನೇ ನೋಡಿದಳು. "ಮೂರು ಜನಕ್ಕೂ ಸೇರಿಸಿ ಎತ್ವ ನುಂಗಿದ್ದರಲ್ಲೇ ಇವರು."

ಹೆಂಗಸರ ವಿಷಯದಲ್ಲಿ ಈ ಮೂಲೆ ತಡ ಮಾಡಿದ್ದು ಇದೊಂದೇ ಅಲ್ಲ. ಜೇನ್ ಆಸ್ಟಿನ್ ತೀರಿಕೊಂಡಿದ್ದು 1817ರಲ್ಲಿ. ವಿಂಚೆಸ್ಟರಿನಲ್ಲಿ ಅವಳ ಸಮಾಧಿ ಕಲ್ಲಿನ ಮೇಲೆ ಗುಣಗಾನ ಇದೆ, ಕಾದಂಬರಿ ಬರೆದವಳು ಅನ್ನೋದೇ ಇಲ್ಲ. ಇಲ್ಲಿ ಅವಳಿಗೊಂದು ಫಲಕ ಬಂದದ್ದು 1967ರಲ್ಲಿ. ಜಾರ್ಜ್ ಎಲಿಯಟ್ ಅಂತ ಗಂಡಸಿನ ಹೆಸರಲ್ಲಿ ಕಾದಂಬರಿ ಬರೆದ ಮೇರಿ ಆ್ಯನ್ ಇವಾನ್ಸ್, ಮದುವೆಯಾಗಿದ್ದ ಗಂಡಸಿನ ಜೊತೆ ಬದುಕಿದಳು ಅಂತ 1880ರಲ್ಲಿ ಅವಳಿಗೆ ಇಲ್ಲಿ ಜಾಗ ಸಿಗಲಿಲ್ಲ. ಸರಿಯಾಗಿ ನೂರು ವರ್ಷ ಕಾಯಿಸಿ ಕಲ್ಲು ಹಾಕಿದರು. ಗಂಡಸರನ್ನೂ ಕಾಯಿಸಿದ್ದಾರೆ, ಸುಳ್ಳು ಹೇಳಬಾರದು. ಕವಿ ಬೈರನ್‌ನ ನಡತೆ ಸರಿಯಿಲ್ಲ ಅಂತ 1824ರಲ್ಲಿ ಬೇಡ ಅಂದರು. ನೂರು ವರ್ಷದ ಮೇಲೆ ದೊಡ್ಡ ದೊಡ್ಡವರೇ ಅರ್ಜಿ ಹಾಕಿದರೂ ಮತ್ತೆ ಬೇಡ ಅಂದರು. ಅವನ ಕಲ್ಲು ಬಂದದ್ದು 1969ರಲ್ಲಿ. ಇದು ಚರ್ಚು, ಒಳಗೆ ಯಾರು ಬರಬೇಕು ಅಂತ ತೀರ್ಮಾನ ಮಾಡುವವರು ಇಲ್ಲಿನ ಪಾದ್ರಿಗಳು, ಓದುಗರಲ್ಲ. ನಮ್ಮ ಸಿಲಬಸ್ಸೂ ಹಾಗೇ ಅಲ್ವಾ?

ನೆಲದ ಮೇಲಿನ ಕಲ್ಲುಗಳಲ್ಲಿ ನನಗೆ ಇಷ್ಟವಾಗಿದ್ದು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನದು. ರಾಚೆಸ್ಟರ್ ಕಡೆ ಸದ್ದಿಲ್ಲದೆ ಮಣ್ಣು ಮಾಡಿ ಅಂತ ಅವನ ಆಸೆ. ದೇಶ ಬಿಡಲಿಲ್ಲ. 1870ರ ಜೂನ್ 14ರಂದು ಬೆಳಗ್ಗೆ ಬೇಗ, ಹನ್ನೆರಡೇ ಜನರ ಮುಂದೆ ಇಲ್ಲಿ ಹೂತರು. ಗುಂಡಿಯನ್ನು ಕೆಲವು ದಿನ ಮುಚ್ಚದೆ ಬಿಟ್ಟರು, ಸಾವಿರಾರು ಜನ ಬಂದು ನೋಡಿ ಹೋದರು. ಕಲ್ಲಿನ ಮೇಲೆ ಮಿಸ್ಟರ್, ಎಸ್ಕ್ವೈರ್ ಏನೂ ಹಾಕಕೂಡದು ಅಂತ ಉಯಿಲಿನಲ್ಲೇ ಬರೆದಿದ್ದ. ಹಾಗಾಗಿ ಹೆಸರು, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ. ನಮ್ಮೂರ ಸರ್ಕಲ್ಲಿನ ಫ್ಲೆಕ್ಸ್‌ಗಳು ನೆನಪಾದವು, ಹೆಸರಿಗಿಂತ ಬಿರುದೇ ಉದ್ದ. ಡಿಕನ್ಸನ ಪಕ್ಕದಲ್ಲೇ ಇನ್ನಿಬ್ಬರು ಲೇಖಕರು, ಹಾರ್ಡಿ ಮತ್ತು ಕಿಪ್ಲಿಂಗ್, ಅವರ ಬೂದಿ ಇದೆ. ಹಾರ್ಡಿಯ ಬೂದಿ ಇಲ್ಲಿ, ಹೃದಯ ಮಾತ್ರ ಅವನ ಊರಿನ ಕಡೆ ಸ್ಟಿನ್ಸ್‌ಫರ್ಡಿನಲ್ಲಿ. ಇದನ್ನು ಕೇಳಿ ಅಮ್ಮ ಮುಖ ಸಿಂಡರಿಸಿದಳು.

ಆಮೇಲೆ ಕೇಳಿದಳು, "ಕರುಣಾಳು ಬಾ ಬೆಳಕೆ ಬರೆದವನು ಎಲ್ಲಿದ್ದಾನೆ?"

ಅಮ್ಮ ಇಂಗ್ಲಿಷ್ ಸಾಹಿತ್ಯ ಓದಿದವಳಲ್ಲ. ಅವಳಿಗೆ ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಸಿಕ್ಕಿದ್ದೆಲ್ಲ ಬಿಎಂಶ್ರೀ ಅವರ "ಇಂಗ್ಲಿಷ್ ಗೀತಗಳು" ಪುಸ್ತಕದಲ್ಲಿ. ಕರುಣಾಳು ಪದ್ಯವನ್ನು ಸ್ಕೂಲಿನ ಪ್ರಾರ್ಥನೆಗೆ ಮಕ್ಕಳಿಂದ ಹಾಡಿಸುತ್ತಿದ್ದಳು. ಮೂಲ ಬರೆದವನು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಕಿತ್ತಳೆ ಹಣ್ಣಿನ ಹಡಗಿನಲ್ಲಿ ಪಲೆರ್ಮೊದಿಂದ ಮಾರ್ಸೇಲ್ಸ್‌ಗೆ ಹೋಗುತ್ತಿದ್ದ. ಗಾಳಿ ಬೀಸದೆ ಹಡಗು ಸಮುದ್ರದ ನಡುವೆ ನಿಂತುಬಿಟ್ಟಿತು. ಮನೆಗೆ ದೂರ, ಮೈಗೆ ಆಗತಾನೇ ಜ್ವರ ಬಿಟ್ಟಿತ್ತು. ಆಗ ಬರೆದದ್ದು. ಆಮೇಲೆ ಅವನು ಕ್ಯಾಥೊಲಿಕ್ ಆದ, ಕಾರ್ಡಿನಲ್ ಆದ. ಅವನನ್ನು ಹೂತದ್ದು ಬರ್ಮಿಂಗ್‌ಹ್ಯಾಂ ಹತ್ತಿರ.

"ಇಲ್ಲಿಲ್ಲಮ್ಮ."

"ಸರಿ ಬಿಡು, ಅವನನ್ನಾದರೂ ಯಾರೂ ತುಳಿಯಲ್ಲ."

ಕೊನೆಯ ಫೋಟೋ. ಇದು ಮೂಲೆಯ ಒಳಗಿನದಲ್ಲ, ಹೊರಗೆ ಪೂರ್ವದ ಮೊಗಸಾಲೆಯದು. ಕಪ್ಪು ಕಲ್ಲು, ಹೆಸರು ಆಫ್ರಾ ಬೆನ್. 1689ರಲ್ಲಿ ತೀರಿಕೊಂಡವಳು. ರಾಜನಿಗಾಗಿ ಆ್ಯಂಟ್ವರ್ಪ್‌ನಲ್ಲಿ ಗೂಢಚಾರಿಕೆ ಮಾಡಿ, ವಾಪಸ್ ಬಂದು ನಾಟಕ ಬರೆದು ಹೊಟ್ಟೆ ಹೊರೆದಳು. ಇಂಗ್ಲೆಂಡಿನಲ್ಲಿ ಬರೆದೇ ಬದುಕಿದ ಮೊದಮೊದಲ ಹೆಂಗಸರಲ್ಲಿ ಒಬ್ಬಳು. ಅವಳಿಗೆ ಸಿಕ್ಕಿದ್ದು ಈ ಓಡಾಡುವ ದಾರಿ.

ಅಮ್ಮ ಕಲ್ಲಿನ ಅಂಚಿಗೆ ಚಪ್ಪಲಿ ತಾಗದ ಹಾಗೆ ನಿಂತಿದ್ದಳು. ಆ ಹೊತ್ತಿಗೆ ಸ್ಕೂಲ್ ಮಕ್ಕಳ ಒಂದು ಗುಂಪು ಬಂತು, ದಡದಡ ಅಂತ. "ಏ, ಅಕ್ಷರ ತುಳೀಬೇಡ್ರೋ!" ಅಂದಳು, ಅಪ್ಪಟ ಕನ್ನಡದಲ್ಲಿ, ಕ್ಲಾಸಿನ ದನಿಯಲ್ಲಿ. ಒಬ್ಬ ಹುಡುಗ ಗಕ್ಕನೆ ನಿಂತು ಸಾರಿ ಅಂದ. ಅವನ ಹಿಂದೆ ಇನ್ನೊಬ್ಬ ಆಫ್ರಾಳ ಹೆಸರಿನ ಮೇಲೇ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ.